ಹಳ್ಳಕ್ಕೊಂದು ತಗಡು: ಮಳೆ, ಹಳ್ಳ ಎರಡನ್ನೂ ಅಳೆದ ಕೆಲಸದ ದಾಖಲೆ

ತೋಟಕ್ಕೆ ಹನಿ ನೀರಾವರಿ ಹಾಕಿಸೋಣ ಅಂತ ಹೊರಟಾಗ ಪೈಪು ಹಾಕುವವರು ಕೇಳಿದ ಮೊದಲ ಪ್ರಶ್ನೆ, "ಬೇಸಿಗೆಯಲ್ಲಿ ನೀರು ಎಷ್ಟಿದೆ?" ಅಪ್ಪ "ಏಪ್ರಿಲ್ ತನಕ ಚೆನ್ನಾಗಿದೆ" ಅಂದರು. ಆ ಉತ್ತರದ ಮೇಲೆ ಮೋಟಾರೂ ತೆಗೆದುಕೊಳ್ಳೋಕಾಗಲ್ಲ, ಹೊಂಡವನ್ನೂ ತೋಡಿಸೋಕಾಗಲ್ಲ. ಹಾಗಾಗಿ ಅಳೆಯೋಣ ಅಂತ ಶುರು ಮಾಡಿದ ಕೆಲಸ ಇದು. ಜಾಗ ಹೊಸನಗರ ತಾಲೂಕು, ನಗರದ ಕಡೆ. ಅಡಿಕೆ 600 ಮರ. ಮೇಲೆ ಬ್ಯಾಣ (ಹುಲ್ಲಿನ ಬಯಲು), ಅದರ ಮೇಲೆ ಕಾನು (ದಟ್ಟ ಕಾಡು), ಅಲ್ಲಿಂದ ಇಳಿಯುವ ಒಂದು ಹಳ್ಳ. ಹಳ್ಳ ಶರಾವತಿ ಸೇರಿ ಲಿಂಗನಮಕ್ಕಿಗೆ ಹೋಗುತ್ತದೆ.

ಕಳೆದ ವರ್ಷದ ಏಪ್ರಿಲ್‌ನಲ್ಲಿ ಶುರು ಮಾಡಿದ್ದು. ಈಗ ಒಂದು ವರ್ಷದ ಲೆಕ್ಕ ಕೈಯಲ್ಲಿದೆ, ಒಂದು ದೊಡ್ಡ ತೂತು ಬಿಟ್ಟು. ಅದನ್ನು ಜುಲೈ ಭಾಗದಲ್ಲಿ ಹೇಳುತ್ತೇನೆ.

1. ಏಪ್ರಿಲ್ ಕೊನೆ: ಮಳೆ ಮಾಪಕ

ಸುಲಭದ ಕೆಲಸ ಮೊದಲು. 6 ಇಂಚಿನ ಪಿವಿಸಿ ಪೈಪಿನ 60 ಸೆಂ.ಮೀ. ತುಂಡು, ಅಡಿಗೆ ಮುಚ್ಚಳ, ಒಳಗೆ ಆಳದ ಆಲಿಕೆ, ಆಲಿಕೆಯ ಕೆಳಗೆ 5 ಲೀಟರಿನ ಎಣ್ಣೆ ಕ್ಯಾನು. ಬಾಯಿಯ ಒಳ ಅಗಲ ಎರಡು ಕಡೆಯಿಂದ ಅಳೆದೆ, 15.2 ಸೆಂ.ಮೀ. ಬಂತು. ವಿಸ್ತೀರ್ಣ 181 ಚದರ ಸೆಂ.ಮೀ. ಅಂದರೆ ಕ್ಯಾನಿನಲ್ಲಿ 18 ಮಿಲಿ ನೀರು ಇದ್ದರೆ 1 ಮಿ.ಮೀ. ಮಳೆ. ಬಾಯಿ ಎಷ್ಟೇ ಅಗಲ ಇರಲಿ, ಬಂದ ನೀರನ್ನು ಬಾಯಿಯ ವಿಸ್ತೀರ್ಣದಿಂದ ಭಾಗಿಸಿದರೆ ಮುಗಿಯಿತು. ಒಂದು ಚದರ ಮೀಟರ್ ಜಾಗದ ಮೇಲೆ 1 ಮಿ.ಮೀ. ಮಳೆ ಅಂದರೆ ಸರಿಯಾಗಿ 1 ಲೀಟರ್ ನೀರು. ಇದೊಂದು ತಲೆಯಲ್ಲಿ ಇದ್ದರೆ ಮುಂದಿನ ಲೆಕ್ಕವೆಲ್ಲ ಬಾಯಿಲೆಕ್ಕ.

ಕ್ಯಾನು 5 ಲೀಟರಿನದ್ದೇ ಬೇಕು. ಲೀಟರ್ ಬಾಟಲಿ ಇಟ್ಟರೆ 55 ಮಿ.ಮೀ.ಗೇ ತುಂಬಿ ಹೋಗುತ್ತದೆ. ನಮ್ಮದು ಆಗುಂಬೆಯಲ್ಲ, ಅಲ್ಲಿ ವರ್ಷದ ಸರಾಸರಿಯೇ 7,600 ಮಿ.ಮೀ. ಆಸುಪಾಸು. ಆದರೂ ಪುನರ್ವಸು, ಪುಷ್ಯ ಮಳೆಯಲ್ಲಿ ದಿನಕ್ಕೆ 100 ದಾಟುವುದು ಇಲ್ಲಿಯೂ ಮಾಮೂಲಿ.

ಮೊದಲು ಹಾಕಿದ್ದು ಅಡುಗೆಮನೆಯ ಚಪ್ಪಟೆ ಆಲಿಕೆ. ದಪ್ಪ ಹನಿ ಬಿದ್ದಾಗ ನೀರು ಸಿಡಿದು ಹೊರಗೆ ಹೋಗುತ್ತಿತ್ತು. ಆಮೇಲೆ ಆಳದ ಆಲಿಕೆ ತಂದು ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದೆ. ಒಂದೇ ರಾತ್ರಿಯ ಮಳೆಗೆ ಚಪ್ಪಟೆಯದ್ದು 61 ಮಿ.ಮೀ. ತೋರಿಸಿತು, ಆಳದ್ದು 68. ಆಲಿಕೆಯನ್ನು ಪೈಪಿನ ಅಂಚಿನಿಂದ 10 ಸೆಂ.ಮೀ. ಕೆಳಗೆ ಕೂರಿಸಿ, ಸಂದಿಗೆ ಸಿಲಿಕಾನ್ ಹಾಕಿದ ಮೇಲೆ ಸರಿಯಾಯಿತು.

ಇಡುವ ಜಾಗವೂ ಮುಖ್ಯ. ಅಂಗಳದ ಜಂಬಿಟ್ಟಿಗೆ (ಕೆಂಪು ಮುರಕಲ್ಲು) ಹಾಸಿನ ಮೇಲೆ ಇಟ್ಟಾಗ ಕಲ್ಲಿನಿಂದ ಸಿಡಿದ ನೀರು ಒಳಗೆ ಬರುತ್ತಿತ್ತು. ಕೆಂಪು ಮಣ್ಣಿನ ಚುಕ್ಕೆ ಕಂಡು ಗೊತ್ತಾಯಿತು. ಬ್ಯಾಣದ ಅಂಚಿಗೆ, ಹುಲ್ಲಿನ ಮೇಲೆ, ಬಾಯಿ ನೆಲದಿಂದ 30 ಸೆಂ.ಮೀ. ಎತ್ತರ ಇರುವ ಹಾಗೆ ಹುಗಿದೆ. ಅರ್ಧ ಪೈಪು ನೆಲದ ಒಳಗೇ ಇರುತ್ತದೆ, ಗಾಳಿಗೆ ಅಲ್ಲಾಡುವುದಿಲ್ಲ. ಹತ್ತಿರದ ಮರ ಎಷ್ಟು ಎತ್ತರವೋ ಅದರ ಎರಡು ಪಟ್ಟಾದರೂ ದೂರ ಇರಬೇಕು. ಓದುವುದು ಬೆಳಿಗ್ಗೆ 8.30ಕ್ಕೆ, ಹವಾಮಾನ ಇಲಾಖೆಯವರು ಓದುವ ಹೊತ್ತಿಗೇ. ಹಾಗೆ ಮಾಡಿದರೆ ಪೇಪರಿನಲ್ಲಿ ಬರುವ ಅಂಕಿಗೆ ಹೋಲಿಸಬಹುದು.

ಆಲಿಕೆ ತೂತಿಗೆ ಜಾಲರಿ ಹಾಕಿ. ಇಲ್ಲದಿದ್ದರೆ ಮರಗಪ್ಪೆ ಬಂದು ಕೂರುತ್ತದೆ. ಅದಕ್ಕೆ ಆ ಜಾಗ ಬಹಳ ಇಷ್ಟ.

2. ಮೇ ಮೊದಲ ವಾರ: ನೀರು ಬರುವ ಜಾಗ ಎಷ್ಟು?

ಮಳೆ ಎಷ್ಟು ಅಂತ ಗೊತ್ತಾದರೆ ಸಾಲದು. ಅದು ಎಷ್ಟು ಜಾಗದಿಂದ ಈ ಹಳ್ಳಕ್ಕೆ ಬರುತ್ತದೆ ಅನ್ನೋದು ಬೇಕು. ಮೊಬೈಲಿನ ಉಪಗ್ರಹ ನಕ್ಷೆಯಲ್ಲಿ ಗೆರೆ ಎಳೆದರೆ ವಿಸ್ತೀರ್ಣ ಬರುತ್ತದೆ. ಆದರೆ ಕಾನಿನ ಒಳಗೆ ದಿಣ್ಣೆ ಎಲ್ಲಿ ತಿರುಗುತ್ತದೆ ಅಂತ ಮೇಲಿನಿಂದ ಕಾಣೋದಿಲ್ಲ. ಅದಕ್ಕೆ ಹತ್ತಿಯೇ ನೋಡಬೇಕು. ಏಣಿನ, ಅಂದರೆ ಗುಡ್ಡದ ನೆತ್ತಿಯ ಸಾಲಿನ, ಮೇಲೆ ನಿಂತು, ಇಲ್ಲಿ ಬಿದ್ದ ನೀರು ಎಡಕ್ಕೋ ಬಲಕ್ಕೋ ಅಂತ ನೋಡುತ್ತ, ಮೊಬೈಲಿನಲ್ಲಿ ದಾರಿ ಗುರುತು ಹಾಕುತ್ತ ಸುತ್ತಿದೆ. ಜೊತೆಗೆ ಕತ್ತಿ ಇರಲಿ, ಉಂಬಳಕ್ಕೆ (ಜಿಗಣೆಗೆ) ಸುಣ್ಣ ಇರಲಿ.

ಬಂದದ್ದು 12 ಹೆಕ್ಟೇರ್, ಅಂದರೆ 30 ಎಕರೆ. ಮನೆಯಲ್ಲಿ ಕೂತು ನಕ್ಷೆಯಲ್ಲಿ ಎಳೆದಾಗ 17 ಬಂದಿತ್ತು. ಮೇಲಿನ ಒಂದು ಮಡಿಲು ಪೂರ್ತಿ ಆಚೆ ಹಳ್ಳಕ್ಕೆ ಸೇರಿದ್ದು ಅಂತ ಹತ್ತಿದ ಮೇಲೇ ಗೊತ್ತಾಗಿದ್ದು. ಈ ಏಣುಗಳ ಆಟವೇ ಹಾಗೆ. ತೀರ್ಥಹಳ್ಳಿ ತಾಲೂಕನ್ನೇ ತೆಗೆದುಕೊಳ್ಳಿ. ಅಂಬುತೀರ್ಥದಲ್ಲಿ ಹುಟ್ಟುವ ಶರಾವತಿ ಜೋಗ ಇಳಿದು ಹೊನ್ನಾವರದಲ್ಲಿ ಅರಬ್ಬಿ ಸಮುದ್ರಕ್ಕೆ ಹೋಗುತ್ತದೆ. ಅದೇ ತಾಲೂಕಿನಲ್ಲಿ ಹರಿಯುವ ತುಂಗೆ ಶಿವಮೊಗ್ಗ ದಾಟಿ, ಕೂಡ್ಲಿಯಲ್ಲಿ ಭದ್ರೆ ಸೇರಿ, ಕೊನೆಗೆ ಕೃಷ್ಣೆಯಾಗಿ ಬಂಗಾಳ ಕೊಲ್ಲಿಗೆ ಹೋಗುತ್ತದೆ. ನಡುವೆ ಇರುವುದು ಒಂದು ಏಣು ಅಷ್ಟೇ.

12 ಹೆಕ್ಟೇರ್ ಮೇಲೆ 1 ಮಿ.ಮೀ. ಮಳೆ ಅಂದರೆ 1.2 ಲಕ್ಷ ಲೀಟರ್. ಈ ಅಂಕಿ ನೆನಪಿರಲಿ.

ಮಳೆಯನ್ನೂ ಹೊಳೆಯನ್ನೂ ಹೀಗೆ ಎದುರುಬದುರು ಇಟ್ಟು ನೋಡುವುದು ಹಳೆಯ ಉಪಾಯ. 17ನೇ ಶತಮಾನದಲ್ಲಿ ಫ್ರಾನ್ಸಿನ ಪಿಯರ್ ಪೆರೋ ಅನ್ನುವವರು ಸೇನ್ ನದಿಯ ಮೇಲ್ಭಾಗಕ್ಕೆ ಇದೇ ಲೆಕ್ಕ ಹಾಕಿದ್ದರು. ಆ ಕಾಲದಲ್ಲಿ ಬರೀ ಮಳೆಯಿಂದ ಹೊಳೆ, ಒರತೆ ಹರಿಯೋದು ಸಾಧ್ಯವಿಲ್ಲ ಅಂತ ಬಹಳ ಜನ ನಂಬಿದ್ದರು. ಲೆಕ್ಕ ಹಾಕಿದರೆ ಬಿದ್ದ ಮಳೆ ಹರಿದ ನೀರಿನ ಆರು ಪಟ್ಟು ಇತ್ತು.

3. ಮೇ 10ರಿಂದ: ಹಳ್ಳಕ್ಕೆ ತಗಡು

ಇದೇ ಕಷ್ಟದ ಕೆಲಸ. ದುಡ್ಡೂ ಬೆವರೂ ಹೋಗಿದ್ದು ಇಲ್ಲೇ.

ಉಪಾಯ ಸರಳ. ಹಳ್ಳಕ್ಕೆ ಅಡ್ಡ ಒಂದು ತಗಡು ನಿಲ್ಲಿಸಿ, ಅದರಲ್ಲಿ ಇಂಗ್ಲಿಷಿನ ವಿ ಅಕ್ಷರದ ಹಾಗೆ 90 ಡಿಗ್ರಿಯ ಕಚ್ಚು ಕತ್ತರಿಸಿ, ಎಲ್ಲ ನೀರೂ ಆ ಕಚ್ಚಿನಿಂದಲೇ ಬೀಳುವಂತೆ ಮಾಡುವುದು. ಕಚ್ಚಿನ ಕೆಳತುದಿಯಿಂದ ನೀರು ಎಷ್ಟು ಎತ್ತರ ನಿಂತಿದೆ ಅಂತ ಓದಿದರೆ ಸೆಕೆಂಡಿಗೆ ಎಷ್ಟು ಲೀಟರ್ ಅಂತ ಸಿಗುತ್ತದೆ. ಎತ್ತರವನ್ನು ಮೀಟರಿನಲ್ಲಿ ಬರೆದು, ಅದರ 2.5ನೇ ಘಾತ ತೆಗೆದು, 1.38ರಿಂದ ಗುಣಿಸಿದರೆ ಸೆಕೆಂಡಿಗೆ ಇಷ್ಟು ಘನ ಮೀಟರ್ ಅಂತ ಬರುತ್ತದೆ. ನಾನು ಗೋಡೆಗೆ ಅಂಟಿಸಿಕೊಂಡ ಪಟ್ಟಿ ಇದು:

5 ಸೆಂ.ಮೀ. – 0.77 ಲೀಟರ್
7 ಸೆಂ.ಮೀ. – 1.8 ಲೀಟರ್
10 ಸೆಂ.ಮೀ. – 4.4 ಲೀಟರ್
15 ಸೆಂ.ಮೀ. – 12 ಲೀಟರ್
20 ಸೆಂ.ಮೀ. – 25 ಲೀಟರ್
30 ಸೆಂ.ಮೀ. – 68 ಲೀಟರ್

ಎತ್ತರ ಎರಡು ಪಟ್ಟಾದರೆ ನೀರು ಐದೂವರೆ ಪಟ್ಟಿಗಿಂತ ಜಾಸ್ತಿ ಆಗುತ್ತದೆ. ಸಣ್ಣ ಹರಿವನ್ನೂ ದೊಡ್ಡ ಹರಿವನ್ನೂ ಒಂದೇ ಕಚ್ಚಿನಲ್ಲಿ ಓದಬಹುದು ಅನ್ನೋದೇ ಈ ಆಕಾರದ ಲಾಭ.

ಮೊದಲು ಹಲಸಿನ ಹಲಗೆ ನಿಲ್ಲಿಸಿ, ಪಕ್ಕಕ್ಕೆ ಮಣ್ಣು ತುಂಬಿದ ಗೋಣಿಚೀಲ ಇಟ್ಟೆ. ನೀರು ಕಚ್ಚಿಗೆ ಏರಲೇ ಇಲ್ಲ. ಹಲಗೆಯ ಅಡಿಯಿಂದ ಹೋಗುತ್ತಿತ್ತು. ಅಡಿಗೆ ಮಣ್ಣು ಗಿಡಿದರೆ ಪಕ್ಕದಿಂದ. ಕೊನೆಗೆ ಅರಿಶಿನ ಕಲಸಿ ಮೇಲೆ ಸುರಿದು ಎಲ್ಲಿಂದ ಹೊರಬರುತ್ತದೆ ಅಂತ ಕಾದೆ. ದಂಡೆಯಲ್ಲಿ, ಹಲಗೆಯಿಂದ ಮೂರಡಿ ಕೆಳಗೆ, ಏಡಿ ಬಿಲದಿಂದ ಹಳದಿ ನೀರು ಬಂತು. ಮಲೆನಾಡಿನ ಹಳ್ಳದ ದಂಡೆ ಅಂದರೆ ಅರ್ಧ ಮಣ್ಣು, ಅರ್ಧ ಏಡಿ ಬಿಲ. ಮೇಲೆ ಮೇಲೆ ಎಷ್ಟು ಮೆತ್ತಿದರೂ ನಿಲ್ಲೋದಿಲ್ಲ.

ಹಲಗೆ ಕಿತ್ತು ಹಾಕಿ ಹೊಸದಾಗಿ ಶುರು ಮಾಡಿದೆ. 4 ಅಡಿ ಅಗಲ, 3 ಅಡಿ ಎತ್ತರದ 3 ಮಿ.ಮೀ. ಕಬ್ಬಿಣದ ತಗಡು. ವೆಲ್ಡಿಂಗ್ ಅಂಗಡಿಯಲ್ಲಿ 30 ಸೆಂ.ಮೀ. ಆಳದ, ಮೇಲೆ 60 ಸೆಂ.ಮೀ. ಅಗಲದ ಕಚ್ಚು ಕತ್ತರಿಸಿದರು. ಕಚ್ಚಿನ ಅಂಚನ್ನು ನೀರು ಬೀಳುವ ಕಡೆಯಿಂದ ಅರ ಹಾಕಿ ಚೂಪು ಮಾಡಬೇಕು. ದಪ್ಪ ಅಂಚಿದ್ದರೆ ನೀರು ತಗಡಿಗೇ ಅಂಟಿಕೊಂಡು ಇಳಿಯುತ್ತದೆ, ಲೆಕ್ಕ ಕೆಡುತ್ತದೆ. ಎರಡು ಕೈ ಕೆಂಪು ಪ್ರೈಮರ್ ಹೊಡೆದೆ. ತೂಕ 26 ಕೆ.ಜಿ. ಇಬ್ಬರು ಹೊತ್ತರೆ ತೋಟದ ಸಂಕ (ಕಾಲುಸೇತುವೆ) ದಾಟಬಹುದು.

ಹಳ್ಳದ ತಳ ಅಗೆದು ಗಟ್ಟಿ ಜಂಬಿಟ್ಟಿಗೆ ಸಿಗುವ ತನಕ ಹೋದೆವು. ಒಂದಡಿಗೇ ಸಿಕ್ಕಿತು, ಪುಣ್ಯ. ಅದರಲ್ಲಿ ತೋಡು ಹೊಡೆದು ತಗಡು ನಿಲ್ಲಿಸಿ ಕಾಂಕ್ರೀಟ್ ಹಾಕಿದೆವು. ಎರಡೂ ಪಕ್ಕ ದಂಡೆಯ ಒಳಗೆ ಎರಡೂವರೆ ಅಡಿ ಅಗೆದು, ಏಡಿ ಬಿಲಗಳನ್ನೆಲ್ಲ ಬಿಡಿಸಿ, ಜಂಬಿಟ್ಟಿಗೆ ಕಲ್ಲಿನ ರೆಕ್ಕೆ ಕಟ್ಟಿದೆವು. ಮೇಲ್ಭಾಗಕ್ಕೆ ಗದ್ದೆಯ ಜೇಡಿಮಣ್ಣು ಮೆಟ್ಟಿ, ಅದರ ಮೇಲೆ ಟಾರ್ಪಾಲು. ತಗಡು ರಸಮಟ್ಟದಲ್ಲಿ ಸಮ ಇದೆಯಾ ಅಂತ ಕಾಂಕ್ರೀಟ್ ಗಟ್ಟಿಯಾಗುವ ಮೊದಲೇ ನೋಡಿ. ಆಮೇಲೆ ಏನೂ ಮಾಡೋಕಾಗಲ್ಲ. ಮೇ ತಿಂಗಳಲ್ಲಿ ಹಳ್ಳ ಎಳೆಯಾಗಿ ಹರಿಯುತ್ತಿರುತ್ತದೆ, ಮೂರಿಂಚಿನ ಪೈಪಿನಲ್ಲಿ ಪಕ್ಕಕ್ಕೆ ತಿರುಗಿಸಿಕೊಂಡು ಕೆಲಸ ಮಾಡಬಹುದು. ಜೂನ್‌ನ ಮಿರ್ಗಶಿರ ಮಳೆ ಹಿಡಿದ ಮೇಲೆ ಆಗದ ಮಾತು.

ಈ ಗದ್ದಲದ ನಡುವೆ ಕೆಳಗಿನ ತೋಟದ ಅಣ್ಣ ಬಂದರು.

"ಏನ್ ಮಾರಾಯ, ಹಳ್ಳಕ್ಕೆ ತಗಡು ಹೊಡೀತಿದ್ದೀಯಂತೆ? ನಮ್ಮ ತೋಟಕ್ಕೆ ನೀರು ಬೇಡ್ವಾ?"

"ತಡೆಯೋದಲ್ಲ ಅಣ್ಣ, ಅಳೆಯೋದು. ತಗಡಿನ ಹಿಂದೆ ಒಂದ್ಸಲ ನೀರು ತುಂಬಿದ್ರೆ ಆಯ್ತು, ಬಂದಷ್ಟೂ ಕೆಳಗೇ ಬರುತ್ತೆ."

"ಅಳೆದು?"

ಉತ್ತರ ಕೊಡೋಕೆ ಒಂದು ವರ್ಷ ಹಿಡಿಯಿತು. ಆದರೆ ಅವರು ಕೇಳಿದ್ದು ನ್ಯಾಯವಾದ ಮಾತೇ. ಹಳ್ಳ ಯಾರೊಬ್ಬರದ್ದೂ ಅಲ್ಲ. ಅಡ್ಡ ಏನನ್ನೇ ನಿಲ್ಲಿಸುವ ಮೊದಲು ಕೆಳಗಿನ ಮನೆಗೆ ಹೋಗಿ ಹೇಳಿ ಬನ್ನಿ.

ಖರ್ಚು ಇಲ್ಲಿಗೆ: ತಗಡು 1,950 ರೂಪಾಯಿ, ಕತ್ತರಿಸಿದ್ದು 350, ಪ್ರೈಮರ್ ಮತ್ತು ಬ್ರಷ್ 180, ಸಿಮೆಂಟ್ ಎರಡು ಚೀಲ 820, ಒಬ್ಬರ ಕೂಲಿ 700, ಟಾರ್ಪಾಲು 450, ಉಕ್ಕಿನ ಅಳತೆಪಟ್ಟಿ 120, ಮಳೆ ಮಾಪಕದ ಸಾಮಾನು 320. ಒಟ್ಟು 4,890. ಕಲ್ಲು, ಜೇಡಿಮಣ್ಣು ಮನೆಯದ್ದೇ.

4. ಜೂನ್ ಮೊದಲ ವಾರ: ಬಕೆಟ್ ಪರೀಕ್ಷೆ

ಮೊದಲ ಮಳೆ ಬಿದ್ದು ಕಚ್ಚಿನಲ್ಲಿ ನೀರು ಬಂದ ಕೂಡಲೇ ಬಕೆಟ್ ಹಿಡಿದು ತಾಳೆ ನೋಡಿದೆ. ಕಚ್ಚಿನ ಅಂಚಿನಲ್ಲೇ ಅಳತೆಪಟ್ಟಿ ಇಟ್ಟು ಓದಿದರೆ 4.2 ಸೆಂ.ಮೀ. ಲೆಕ್ಕದ ಪ್ರಕಾರ ಸೆಕೆಂಡಿಗೆ 0.5 ಲೀಟರ್. ಆದರೆ 10 ಲೀಟರಿನ ಬಕೆಟ್ 13 ಸೆಕೆಂಡಿಗೆ ತುಂಬಿತು, ಅಂದರೆ 0.77. ಇಷ್ಟೊಂದು ವ್ಯತ್ಯಾಸ ಬರಬಾರದು.

ತಗಡಿನಲ್ಲಿ ದೋಷ ಇರಲಿಲ್ಲ. ನೀರು ಕಚ್ಚಿಗೆ ಹತ್ತಿರ ಬಂದಾಗ ಬೀಳುವ ಅವಸರಕ್ಕೆ ಮೇಲ್ಮೈ ಬಾಗುತ್ತದೆ. ಅಲ್ಲಿ ಓದಿದರೆ ಕಮ್ಮಿಯೇ ಬರುತ್ತದೆ. ಕಚ್ಚಿನ ಆಳದ ನಾಲ್ಕು ಪಟ್ಟು ಹಿಂದೆ, ಅಂದರೆ ನಮ್ಮಲ್ಲಿ 1.2 ಮೀಟರ್ ಮೇಲೆ, ನಿಂತ ನೀರಿನಲ್ಲಿ ಓದಬೇಕು. ಅಲ್ಲೊಂದು ಗೂಟ ಹೊಡೆದು ಅಳತೆಪಟ್ಟಿ ಕಟ್ಟಿದೆ. ಪಟ್ಟಿಯ ಸೊನ್ನೆ ಕಚ್ಚಿನ ತುದಿಯ ಮಟ್ಟಕ್ಕೇ ಇರಬೇಕು. ಅದಕ್ಕೆ ಗಾರೆಯವರು ಬಳಸುವ ನೀರು ತುಂಬಿದ ಮಟ್ಟದ ಪೈಪು ಹಿಡಿದೆವು. ಈಗ ಓದಿದರೆ 5 ಸೆಂ.ಮೀ., ಲೆಕ್ಕ 0.77. ಬಕೆಟಿಗೆ ಸರಿಹೋಯಿತು.

ಇನ್ನೊಂದು ಸಂಗತಿ. ಕಚ್ಚಿಗೆ ಒಂದು ಹಲಸಿನೆಲೆ ಅಡ್ಡ ಕೂತರೂ ಹಿಂದೆ ನೀರು ಏರುತ್ತದೆ. ಒಂದು ದಿನ 8 ಸೆಂ.ಮೀ. ಇತ್ತು, ಎಲೆ ತೆಗೆದು ಸ್ವಲ್ಪ ಹೊತ್ತು ಬಿಟ್ಟು ನೋಡಿದರೆ 6. ಹಾಗಾಗಿ ಮೊದಲು ಕಸ ತೆಗೆಯಬೇಕು, ಹತ್ತು ನಿಮಿಷ ಕಾಯಬೇಕು, ಆಮೇಲೆ ಓದಬೇಕು.

5. ಜುಲೈ: ತೂತು

ಪುನರ್ವಸು ಮಳೆ ಹಿಡಿಯಿತು. ಒಂದು ಬೆಳಿಗ್ಗೆ ಕ್ಯಾನಿನಲ್ಲಿ 142 ಮಿ.ಮೀ. ಹವಾಮಾನ ಇಲಾಖೆಯ ಲೆಕ್ಕದಲ್ಲಿ 64.5 ಮುಟ್ಟಿದರೆ ಭಾರೀ, 115.6 ಮುಟ್ಟಿದರೆ ಅತಿ ಭಾರೀ. ಕಂಬಳಿಕೊಪ್ಪೆ ಹಾಕಿಕೊಂಡು ಹಳ್ಳಕ್ಕೆ ಹೋದರೆ ತಗಡೇ ಕಾಣುತ್ತಿಲ್ಲ. ಅದರ ಮೇಲೆ ಒಂದಡಿ ನೀರು ಹಾರಿ ಹೋಗುತ್ತಿದೆ.

ಕೂತು ಗುಣಿಸಿದ್ದರೆ ಮೇ ತಿಂಗಳಲ್ಲೇ ಗೊತ್ತಾಗುತ್ತಿತ್ತು. 12 ಹೆಕ್ಟೇರ್ ಮೇಲೆ 142 ಮಿ.ಮೀ. ಅಂದರೆ 1.7 ಕೋಟಿ ಲೀಟರ್. ಎಲ್ಲವೂ ಹರಿದರೆ ಸೆಕೆಂಡಿಗೆ ಸರಾಸರಿ 197 ಲೀಟರ್. ಕಚ್ಚಿನ ತಾಕತ್ತು 68.

ಆ ದಿನ ಕೈಗೆ ಸಿಕ್ಕಿದ್ದು ಒಣ ತೆಂಗಿನಕಾಯಿ. ಹಳ್ಳ ನೇರವಾಗಿರುವ ಕಡೆ 10 ಮೀಟರ್ ಅಳೆದು ಮೇಲಿನಿಂದ ಬಿಟ್ಟೆ, 9 ಸೆಕೆಂಡಿಗೆ ಕೆಳಗಿನ ಗುರುತು ದಾಟಿತು. ಮೇಲ್ಮೈ ನೀರು ಒಳಗಿನದ್ದಕ್ಕಿಂತ ಜೋರಾಗಿ ಓಡುತ್ತದೆ, ಅದಕ್ಕೆ ವೇಗವನ್ನು 0.85ರಿಂದ ಗುಣಿಸುವುದು ರೂಢಿ. ಅಗಲ 1.4 ಮೀಟರ್, ಸರಾಸರಿ ಆಳ 35 ಸೆಂ.ಮೀ. ಸೆಕೆಂಡಿಗೆ 460 ಲೀಟರ್ ಆಯಿತು. ಅಂದಾಜು ಅಷ್ಟೇ, ಆಳ ಅಳೆಯಲು ನಾನು ಕೋಲು ಹಿಡಿದದ್ದು ದಂಡೆಯಿಂದ. ಇಂಥ ನೀರಿಗೆ ಇಳಿಯಬೇಡಿ. ಕಾಯಿ ಅಣ್ಣನ ತೋಟಕ್ಕೆ ಹೋಯಿತು.

ಜುಲೈ ಮತ್ತು ಆಗಸ್ಟ್ ಮೊದಲರ್ಧದ ಹರಿವು ಹಾಗಾಗಿ ನನ್ನ ಪುಸ್ತಕದಲ್ಲಿ ಇಲ್ಲ. ಮಳೆ ಮಾತ್ರ ಇದೆ.

ಅದೇ ಸಮಯದಲ್ಲಿ ಸುಮ್ನೆ ಕುತೂಹಲಕ್ಕೆ ತೋಟದ ಒಳಗೂ ಕ್ಯಾನು ಇಟ್ಟು ನೋಡಿದೆ. ಕೆಲವು ಜಾಗದಲ್ಲಿ ಬಯಲಿಗಿಂತ ಕಮ್ಮಿ, ಇನ್ನು ಕೆಲವು ಕಡೆ ಜಾಸ್ತಿ. ಅಡಿಕೆ ಹೆಡೆಯ ತುದಿಯಿಂದ ಒಂದೇ ಜಾಗಕ್ಕೆ ಧಾರೆ ಬೀಳುತ್ತದೆ, ಮರದ ಮೈಮೇಲೂ ನೀರು ಇಳಿಯುತ್ತದೆ. ಒಂದೆರಡು ಕ್ಯಾನಿನಿಂದ ಏನೂ ಹೇಳೋಕಾಗಲ್ಲ ಅಂತ ಬಿಟ್ಟೆ.

ಬಾವಿಯ ಅಳತೆ ಸುಲಭ. ಹಗ್ಗಕ್ಕೆ ಕಲ್ಲು, ಕಟ್ಟೆಯಿಂದ ನೀರಿನ ತನಕ. ಜೂನ್ ಶುರುವಿಗೆ 6.1 ಮೀಟರ್ ಇದ್ದದ್ದು ಆಗಸ್ಟಿನಲ್ಲಿ 0.9.

6. ಡಿಸೆಂಬರ್‌ನಿಂದ ಏಪ್ರಿಲ್: ಬೇಕಾಗಿದ್ದ ಅಂಕಿ

ಮಳೆ ನಿಂತ ಮೇಲೆ ತಗಡು ಹೇಳಿದ ಮಾತು ಕೇಳಿತು. ತಿಂಗಳ ಮೊದಲ ದಿನದ ಓದುಗಳು:

ಡಿಸೆಂಬರ್ – 9 ಸೆಂ.ಮೀ., ಸೆಕೆಂಡಿಗೆ 3.35 ಲೀಟರ್
ಜನವರಿ – 7 ಸೆಂ.ಮೀ., 1.8 ಲೀಟರ್
ಫೆಬ್ರವರಿ – 5.3 ಸೆಂ.ಮೀ., 0.89 ಲೀಟರ್
ಮಾರ್ಚ್ – ಬಕೆಟ್ 23 ಸೆಕೆಂಡ್, 0.44 ಲೀಟರ್
ಏಪ್ರಿಲ್ – ಬಕೆಟ್ 46 ಸೆಕೆಂಡ್, 0.22 ಲೀಟರ್

5 ಸೆಂ.ಮೀ.ಗಿಂತ ಕೆಳಗೆ ನೀರು ಅಂಚಿಗೆ ಅಂಟತೊಡಗುತ್ತದೆ. ಅಲ್ಲಿಂದ ಮುಂದೆ ಬಕೆಟನ್ನೇ ನಂಬಿ.

ಪಟ್ಟಿ ನೋಡಿದ ಕೂಡಲೇ ಒಂದು ಸಂಗತಿ ಕಾಣುತ್ತದೆ. ತಿಂಗಳಿಗೆ ಹೆಚ್ಚುಕಮ್ಮಿ ಅರ್ಧ. ಮಳೆ ಇಲ್ಲದೆ, ಮಣ್ಣಿನಲ್ಲಿ ಇಂಗಿದ್ದು ಮಾತ್ರ ಒಸರುತ್ತಿರುವಾಗ ಹಳ್ಳ ಇಳಿಯುವುದು ಹೀಗೇ. ಜನವರಿಯಲ್ಲೇ ಅಳೆದಿದ್ದರೂ ಮೇ ತಿಂಗಳಲ್ಲಿ ಎಷ್ಟಿರುತ್ತದೆ ಅಂತ ಹೇಳಬಹುದಿತ್ತು.

ಡಿಸೆಂಬರ್ ಮೊದಲಿಂದ ಮಾರ್ಚ್ ಕೊನೆವರೆಗೆ ಹರಿದದ್ದನ್ನೆಲ್ಲ ಕೂಡಿಸಿ 12 ಹೆಕ್ಟೇರಿಗೆ ಹರಡಿದರೆ ಸುಮಾರು 100 ಮಿ.ಮೀ. ಜೂನ್‌ನಿಂದ ಸೆಪ್ಟೆಂಬರ್ ತನಕ ನನ್ನ ಕ್ಯಾನಿಗೆ ಬಿದ್ದದ್ದು 4,310 ಮಿ.ಮೀ. ನಾಲ್ಕು ತಿಂಗಳು ತೋಟ ಉಳಿಸಿದ ನೀರು ಆ ಜುಲೈ ದಿನದ 142ಕ್ಕೂ ಸಮ ಇಲ್ಲ. "ಈ ವರ್ಷ ಮಳೆ ಚೆನ್ನಾಗಾಯ್ತು, ಬೇಸಿಗೆಗೆ ತೊಂದರೆ ಇಲ್ಲ" ಅನ್ನುವ ಮಾತನ್ನು ನಾನಂತೂ ಇನ್ನು ನಂಬೋದಿಲ್ಲ. ಬಿದ್ದದ್ದು ಎಷ್ಟು ಅನ್ನೋದಕ್ಕಿಂತ ಗುಡ್ಡ ಹಿಡಿದಿಟ್ಟದ್ದು ಎಷ್ಟು ಅನ್ನೋದೇ ಬೇಸಿಗೆಯ ಲೆಕ್ಕ.

7. ಈಗ: ಹೊಂಡದ ಅಳತೆ

ಮರಕ್ಕೆ ದಿನಕ್ಕೆ 20 ಲೀಟರ್ ಹಿಡಿದರೆ 600 ಮರಕ್ಕೆ 12,000 ಲೀಟರ್. ಹಳ್ಳದ ಎಲ್ಲ ನೀರೂ ನನಗೇ ಅಂದುಕೊಂಡರೆ ಏಪ್ರಿಲ್ 20ರ ಸುಮಾರಿಗೆ ಸಾಲದೆ ಬರುತ್ತದೆ. ಬೇಸಿಗೆ ಮಳೆ ಬಾರದೆ ಹೋದರೆ ಮೇ 25ರ ತನಕ ಕೊರತೆ 1.3 ಲಕ್ಷ ಲೀಟರ್. ಆದರೆ ಅರ್ಧ ಕೆಳಗಿನ ತೋಟಕ್ಕೆ ಬಿಡಲೇಬೇಕಲ್ಲ. ಆಗ ಮಾರ್ಚ್ 20ಕ್ಕೇ ಕೊರತೆ ಶುರು, ಒಟ್ಟು 3.9 ಲಕ್ಷ ಲೀಟರ್. ಗುಡ್ಡದ ಮೇಲೆ ಬೀಳುವ ಮೂರೂಕಾಲು ಮಿ.ಮೀ. ಮಳೆ ಅಷ್ಟೇ.

ಹೊಂಡದಿಂದ ಆರಿಹೋಗುವುದನ್ನೂ ಸೇರಿಸಬೇಕು. ಮಾರ್ಚ್‌ನಲ್ಲಿ ಸ್ಟೀಲಿನ ಅಗಲ ಪಾತ್ರೆ ಬಿಸಿಲಿಗಿಟ್ಟು ಅಳೆದೆ. ಮೊದಲ ದಿನ ಮೂರು ಸೆಂ.ಮೀ. ಇಳಿದು ಗಾಬರಿಯಾಯಿತು. ನೋಡಿದರೆ ಪಕ್ಕದಲ್ಲೇ ದನದ ಹೆಜ್ಜೆ. ಜಾಲರಿ ಮುಚ್ಚಿದ ಮೇಲೆ ದಿನಕ್ಕೆ 5 ಮಿ.ಮೀ. ಬಂತು. ಚಿಕ್ಕ ಪಾತ್ರೆ ಬೇಗ ಕಾಯುತ್ತದೆ, ಹೊಂಡ ಅಷ್ಟು ಕಾಯುವುದಿಲ್ಲ. 0.7ರಿಂದ ಗುಣಿಸಿ 3.5 ಹಿಡಿದೆ. 20 ಮೀಟರ್ ಉದ್ದ, 10 ಮೀಟರ್ ಅಗಲದ ಹೊಂಡಕ್ಕೆ ದಿನಕ್ಕೆ 700 ಲೀಟರ್, ಎರಡು ತಿಂಗಳ ಮೇಲೆ ಲೆಕ್ಕ ಹಾಕಿದರೆ 46,000. ಎಲ್ಲ ಸೇರಿ 4.4 ಲಕ್ಷ ಲೀಟರಿನ ಹೊಂಡ ಬೇಕು. ಜಂಬಿಟ್ಟಿಗೆ ನೆಲ ನೀರು ಹಿಡಿಯೋದಿಲ್ಲ, ತಳಕ್ಕೆ ಪ್ಲಾಸ್ಟಿಕ್ ಹಾಸಲೇಬೇಕು. ಅದರ ದರ ಕೇಳಿದ್ದೇನೆ, ಮನೆಯಲ್ಲಿ ಇನ್ನೂ ಹೇಳಿಲ್ಲ.

ಕೆಳಗಿನ ಅಣ್ಣನಿಗೆ ಪಟ್ಟಿ ತೋರಿಸಿದೆ. ಅವರದ್ದು 450 ಮರ. ಹೊಂಡವನ್ನು ಇಬ್ಬರೂ ಸೇರಿ ಮಾಡಿಸಿದರೆ ಎಷ್ಟು ದೊಡ್ಡದು ಬೇಕು ಅಂತ ಕೇಳಿದ್ದಾರೆ. ಅದನ್ನು ಈ ವಾರ ಲೆಕ್ಕ ಹಾಕಬೇಕು.

ಮಿರ್ಗಶಿರದ ಒಳಗೆ ಆಗಬೇಕಾದ ಕೆಲಸ ಇನ್ನೂ ಇದೆ. ತಗಡಿನ ಹಿಂದೆ ಕೂತ ಹೂಳು ತೆಗೆಯಬೇಕು, ಅರ್ಧಕ್ಕರ್ಧ ತುಂಬಿದೆ. ಬಲ ರೆಕ್ಕೆಯಲ್ಲಿ ಏಡಿ ಮತ್ತೆ ಬಿಲ ತೋಡಿದೆ, ಅಲ್ಲಿಗೆ ಸಿಮೆಂಟ್. ಜುಲೈ ಹರಿವಿಗೆ ತಗಡಿನ ಮೇಲೆ ಆಚೀಚೆ ರೆಕ್ಕೆಗಳನ್ನು ಒಂದೂವರೆ ಅಡಿ ಏರಿಸಿ, ನಡುವೆ ಚೌಕಾಕಾರದ ಅಗಲ ಬಾಯಿ ಬಿಡುವ ಯೋಚನೆ ಇದೆ. ಆ ಒತ್ತಡಕ್ಕೆ ಈಗಿನ ಕಲ್ಲಿನ ಕಟ್ಟಡ ನಿಲ್ಲುತ್ತದೋ ಅಂತ ಗಾರೆಯವರನ್ನು ಕರೆಸಿ ತೋರಿಸಬೇಕು.